ಘಾಟಿಯಲ್ಲಿ ಎಂಜಿನ್ ಕಾದಿತ್ತು, ಒಳಗೇನಾದ್ರೂ ಹಾಳಾಗಿರುತ್ತಾ?

ಪ್ರಶ್ನೆ: ನಮಸ್ಕಾರ ಸರ್, ಹೋದ ತಿಂಗಳು ಮಂಗಳೂರಿಂದ ಹಾಸನಕ್ಕೆ ಬರ್ತಾ ಶಿರಾಡಿ ಘಾಟಿ ಹತ್ತುವಾಗ ನನ್ನ ಹಳೇ ಪೆಟ್ರೋಲ್ ಕಾರಿನ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯ್ತು, ಮುಂದೆ ಹಿಂದೆ ಲಾರಿಗಳು, ನಿಲ್ಸೋಕೆ ಜಾಗ ಸಿಗದೆ ಹಂಗೇ ಎರಡು ಮೂರು ಕಿಲೋಮೀಟರ್ ಓಡ್ಸಿಬಿಟ್ಟೆ. ರೇಡಿಯೇಟರ್ ಹೋಸ್ ಒಡೆದಿತ್ತು, ಬದಲಾಯ್ಸಿದ್ದಾಯ್ತು, ಈಗ ಗಾಡಿ ಚೆನ್ನಾಗೇ ಇದೆ. ಆದ್ರೂ ಭಯ ಹೋಗಿಲ್ಲ.
– ಓದುಗ, ಹಾಸನ

ಉತ್ತರ: ನಿಮ್ಮ ಭಯದಲ್ಲಿ ಅರ್ಥ ಇದೆ. ಮುಳ್ಳು ಕೆಂಪು ಮುಟ್ಟಿದ ಕೂಡ್ಲೇ ಆಫ್ ಮಾಡಿದ್ರೆ ಎಷ್ಟೋ ಸಲ ಏನೂ ಆಗಲ್ಲ, ಎಂಜಿನ್ ಹಾಳು ಮಾಡೋದು ಆಮೇಲೆ ಓಡ್ಸಿದ ಆ ನಿಮಿಷಗಳೇ. ಸಾಮಾನ್ಯವಾಗಿ ಎಂಜಿನ್ 90 ಡಿಗ್ರಿ ಸೆಲ್ಸಿಯಸ್ ಆಸುಪಾಸಲ್ಲಿ ಓಡುತ್ತೆ, ಅದು ಮೀರಿ ಕಾದಾಗ ಮೊದಲು ಪೆಟ್ಟು ಬೀಳೋದು ಸಿಲಿಂಡರ್ ಮೇಲೆ ಮುಚ್ಚಳದ ಹಾಗೆ ಕೂರೋ ಅಲ್ಯೂಮಿನಿಯಂ ಹೆಡ್‌ಗೆ, ಅದು ಕೂದಲೆಳೆಯಷ್ಟು ಬೆಂಡಾದ್ರೂ ಸಾಕು, ಕೆಳಗೆ ಸೋರದ ಹಾಗೆ ಹಿಡಿದಿರೋ ತೆಳು ಪದರ, ಅಂದ್ರೆ ಗ್ಯಾಸ್ಕೆಟ್, ಹಿಡಿತ ಬಿಡುತ್ತೆ, ಎಂಜಿನ್ ತಣ್ಣಗಿಡೋ ಕೂಲೆಂಟ್ ಸಿಲಿಂಡರ್ ಒಳಗೋ ಆಯಿಲ್‌ಗೋ ಸೇರೋಕೆ ಶುರುವಾಗುತ್ತೆ. ತುಂಬಾ ಕಾದಿದ್ರೆ ಪಿಸ್ಟನ್ ರಿಂಗ್ ಬಿಗಿ ಕಳ್ಕೊಂಡು ಗಾಡಿ ಆಯಿಲ್ ಕುಡಿಯೋಕೆ ಹಿಡಿಯುತ್ತೆ. ಇವು ಯಾವುದೂ ತಾನಾಗೇ ಸರಿ ಹೋಗಲ್ಲ, ಗ್ಯಾಸ್ಕೆಟ್ ಸಣ್ಣದಾಗಿ ಬಿಟ್ಟಿದ್ರೆ ಗೊತ್ತಾಗೋಕೆ ವಾರಗಳೇ ಬೇಕಾಗಬಹುದು, ಅದಕ್ಕೇ ಚೆನ್ನಾಗಿ ಓಡ್ತಿದೆ ಅಂತ ಸುಮ್ನಿರಬೇಡಿ.

ಬೆಳಿಗ್ಗೆ ಸ್ಟಾರ್ಟ್ ಮಾಡೋ ಮುಂಚೆ, ಎಂಜಿನ್ ತಣ್ಣಗಿರುವಾಗಲೇ, ಕೂಲೆಂಟ್ ಟ್ಯಾಂಕ್ ಮಟ್ಟಕ್ಕೆ ಒಂದು ಗುರುತು ಹಾಕಿ ವಾರ ಪೂರ್ತಿ ನೋಡಿ. ಹೊರಗೆಲ್ಲೂ ಸೋರದೆ ಇಳೀತಿದ್ರೆ ಅನುಮಾನ ಪಡಿ. ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ರೆ ಗಾಡಿ ಸ್ಟಾರ್ಟೇ ಮಾಡ್ಬೇಡಿ. ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ನೋಡಿ, ಹಾಸನದ ಚಳಿಗೆ ಬೆಳಿಗ್ಗೆ ಸ್ವಲ್ಪ ಆವಿ ಬರೋದು ಮಾಮೂಲಿ, ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ರೆ ಮಾತ್ರ ಚಿಂತೆ. ಇದೇನೂ ಕಾಣದಿದ್ರೂ ಒಳ್ಳೆ ಗ್ಯಾರೇಜಲ್ಲಿ ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒತ್ತಡ ಹಿಡೀತಿದ್ಯಾ ಅಂತ ನೋಡೋದು), ಜೊತೆಗೆ ಕೂಲೆಂಟಲ್ಲಿ ಗ್ಯಾಸ್ ಸೇರ್ತಿದ್ಯಾ ಅಂತ ನೋಡೋ ಟೆಸ್ಟ್ ಮಾಡ್ಸಿ, ಹೆಡ್ ಬಿಚ್ಚೋ ಖರ್ಚಿನ ಮುಂದೆ ಇದು ಏನೂ ಅಲ್ಲ. ಹೆಡ್ ಬಿಚ್ಚಲೇಬೇಕು ಅಂದ್ರೆ ಬರೀ ಗ್ಯಾಸ್ಕೆಟ್ ಹಾಕಿ ಮುಚ್ಚೋಕೆ ಬಿಡ್ಬೇಡಿ, ಲೇತ್ ಶಾಪಲ್ಲಿ ಹೆಡ್ ಸಮ ಇದ್ಯಾ ಅಂತ ಚೆಕ್ ಮಾಡ್ಸಿ, ಇಲ್ದಿದ್ರೆ ಹೊಸ ಗ್ಯಾಸ್ಕೆಟ್ಟೂ ಬಾಳಲ್ಲ.

ಇನ್ನೊಂದು, ಕೂಲೆಂಟ್ ಪೂರ್ತಿ ಖಾಲಿಯಾದ್ರೆ ಸೆನ್ಸರ್‌ಗೆ ಬಿಸಿ ಸರಿಯಾಗಿ ತಗಲದೆ ಮುಳ್ಳು ಕೆಳಗಿಳಿದುಬಿಡಬಹುದು, ಅದನ್ನ ನಂಬ್ಬೇಡಿ. ಮುಂದೆ ಯಾವತ್ತಾದ್ರೂ ನಿಲ್ಸೋಕೆ ಜಾಗ ಸಿಗದಿದ್ರೆ ಎಸಿ ಆಫ್ ಮಾಡಿ ಹೀಟರ್ ಫುಲ್ ಇಡಿ, ಸಿಕ್ಕ ಮೊದಲ ಜಾಗದಲ್ಲೇ ನಿಲ್ಸಿ, ಎಂಜಿನ್ ಪೂರ್ತಿ ಆರೋವರೆಗೂ ರೇಡಿಯೇಟರ್ ಮುಚ್ಚಳ ಮುಟ್ಬೇಡಿ, ಕುದಿಯೋ ನೀರು ಮುಖಕ್ಕೇ ಚಿಮ್ಮುತ್ತೆ.