ಬದಿಯಡ್ಕದಲ್ಲಿರುವ ಅಮ್ಮನಿಗೆ ಬಿಪಿ ಇದೆ, ಮನೆಗೆ ಯಾವ ಮಿಷನ್ ತರಲಿ?

ತೋಳಿಗೆ ಕಟ್ಟುವುದನ್ನೇ ತನ್ನಿ. ಮಣಿಕಟ್ಟಿನದು ನೋಡಲು ಚೆಂದ, ಆದರೆ ಕೈ ಎದೆಯ ಮಟ್ಟದಿಂದ ಚೂರು ಮೇಲೆ ಕೆಳಗೆ ಆದರೂ ಲೆಕ್ಕ ತಪ್ಪುತ್ತದೆ.

ಅಂಗಡಿಯಲ್ಲಿ ಎಲ್ಲರೂ ಪರದೆಯ ಗಾತ್ರ ನೋಡುತ್ತಾರೆ. ನೋಡಬೇಕಾದ್ದು ಪಟ್ಟಿಯ ಅಳತೆ. ಅಮ್ಮನ ತೋಳಿನ ನಡುಭಾಗದ ಸುತ್ತಳತೆಯನ್ನು ಟೇಪಿನಲ್ಲಿ ಅಳೆದುಕೊಂಡೇ ಹೋಗಿ. ಸಾಮಾನ್ಯ ಪಟ್ಟಿ ಹೆಚ್ಚಾಗಿ 22ರಿಂದ 32 ಸೆಂ.ಮೀ. ತೋಳಿಗೆ. ದಪ್ಪ ತೋಳಿಗೆ ಅದನ್ನೇ ಬಿಗಿದರೆ ಇಲ್ಲದ ಬಿಪಿ ಕಾಣಿಸುತ್ತದೆ. ಈ ಮಿಷನ್ ಸ್ಟೆತೊಸ್ಕೋಪಿನ ಹಾಗೆ ಶಬ್ದ ಕೇಳುವುದಿಲ್ಲ. ರಕ್ತನಾಳದ ಮಿಡಿತದಿಂದ ಪಟ್ಟಿಯ ಗಾಳಿಯಲ್ಲಾಗುವ ಕಂಪನ ಹಿಡಿದು ಲೆಕ್ಕ ಹಾಕುತ್ತದೆ. ಹಾಗಾಗಿ ಎದೆಬಡಿತ ಏರುಪೇರಿದ್ದವರು ಡಾಕ್ಟರನ್ನು ಕೇಳಿಯೇ ಕೊಳ್ಳುವುದು ಒಳ್ಳೆಯದು.

ಮೆಮೊರಿ ಇರಲಿ, ಮಂಗಳೂರಿನ ಡಾಕ್ಟರಿಗೆ ಹಿಂದಿನ ವಾರದ ಅಂಕಿ ತೋರಿಸಬಹುದು. ಬ್ಲೂಟೂತ್ ನನ್ನ ಮಟ್ಟಿಗೆ ದಂಡ. ಮಾತಾಡುವ ಮಾದರಿಯಾದರೆ ಯಾವ ಭಾಷೆ ಎಂದು ಮೊದಲೇ ಕೇಳಿ. ಮಳೆಗಾಲದಲ್ಲಿ ನಮ್ಮೂರ ಕರೆಂಟು ಗೊತ್ತಲ್ಲ, ಸೆಲ್ಲಿನಲ್ಲೂ ನಡೆಯಬೇಕು.

ಐದು ನಿಮಿಷ ಸುಮ್ಮನೆ ಕೂತ ಮೇಲೆ ನೋಡಿ. ಮನೆಯ ಸರಾಸರಿ 135/85 ದಾಟುತ್ತಿದ್ದರೆ ಡಾಕ್ಟರಿಗೆ ಹೇಳಿ. ಕ್ಲಿನಿಕ್ಕಿನ 140/90ಕ್ಕೆ ಅದು ಸಮ.