ಎಣಿಸಬೇಕಾದ ಹೆಣಿಗೆಯನ್ನು ನೆಂಟರ ಮನೆಗೆ ಒಯ್ಯಬೇಡಿ

ಶನಿವಾರ ಭಾನುವಾರ ಬಂತೆಂದರೆ ಅತ್ತೆಮನೆ, ತವರು, ಮದುವೆ, ಮಕ್ಕಳ ಜೊತೆ ಸುತ್ತಾಟ. ಉಲ್ಲನ್ ಬ್ಯಾಗು ಮೂಲೆಯಲ್ಲೇ ಉಳಿಯುತ್ತದೆ, ಎರಡಕ್ಕೂ ಸಮಯ ಹೇಗೆ ಹೊಂದಿಸೋದು, ಹೋದಲ್ಲಿಗೆ ಒಯ್ದರೆ ತಪ್ಪಾ ಅಂತ ಕೇಳಿದ್ದೀರಿ. ನಾನು ಒಯ್ಯುತ್ತಿದ್ದೆ. ಎಲ್ಲ ಕಡೆಗೂ ಒಯ್ಯುತ್ತಿದ್ದೆ.

ನಮ್ಮ ದೊಡ್ಡಮ್ಮನ ಮನೆ ಸಾಗರದ ಹತ್ತಿರ ಒಂದು ಹಳ್ಳಿ. ದೀಪಾವಳಿ ಹೊತ್ತಿಗೆ ಅಡಿಕೆ ಕೊಯ್ಲು ಜೋರಾಗಿರುತ್ತದೆ, ಆಗ ಹೋಗಿ ನಾಲ್ಕು ದಿನ ಇದ್ದು ಬರುವುದು ನಮ್ಮಲ್ಲಿ ರೂಢಿ. ಆ ವರ್ಷ ತಮ್ಮನಿಗೆ ದೆಹಲಿಯಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿಯ ಚಳಿ ಬೆಂಗಳೂರಿನ ಚಳಿ ಅಲ್ಲ, ಡಿಸೆಂಬರ್ ಒಳಗೆ ನಾನೇ ಸ್ವೆಟರ್ ಹೆಣೆದು ಕಳಿಸುತ್ತೇನೆ ಅಂತ ಮಾತು ಕೊಟ್ಟಿದ್ದೆ. ಬೆನ್ನಿನ ಭಾಗ ಮುಗಿದಿತ್ತು. ಎದೆಯ ಭಾಗ ಕಡ್ಡಿಯ ಮೇಲಿತ್ತು.

ಎದೆಗೆ ಜಡೆ ಡಿಸೈನು. ಹಾಕಿದವರಿಗೆ ಅದು ಎಂಥ ಕೆಲಸ ಅಂತ ಗೊತ್ತಿರುತ್ತದೆ. ಒಂದು ಜಡೆಗೆ 9 ಕುಣಿಕೆ, ಮೂರು ಮೂರರ ಮೂರು ಎಳೆ. ಮೂರು ಕುಣಿಕೆಯನ್ನು ಚಿಕ್ಕ ಕಡ್ಡಿಗೆ ಹಾಕಿ ಹಿಂದೆ ಬಿಟ್ಟು, ಮುಂದಿನ ಮೂರನ್ನು ಹೆಣೆದು, ಆಮೇಲೆ ಬಿಟ್ಟಿದ್ದ ಮೂರನ್ನು ಹೆಣೆಯಬೇಕು. ನಾಲ್ಕು ಸಾಲು ಆದ ಮೇಲೆ ಅದೇ ಕೆಲಸ. ಆದರೆ ಈ ಸಲ ಚಿಕ್ಕ ಕಡ್ಡಿ ಮುಂದೆ ನಿಲ್ಲಬೇಕು, ಹಿಡಿಯುವ ಎಳೆಯೂ ಬೇರೆ. ಹಿಂದೆ, ಮುಂದೆ, ಹಿಂದೆ, ಮುಂದೆ. ಒಂದು ಸಲ ತಪ್ಪಿದರೆ ಆ ಕ್ಷಣಕ್ಕೆ ಗೊತ್ತಾಗುವುದಿಲ್ಲ. ಹತ್ತಾರು ಸಾಲು ಮೇಲೆ ಹೋದ ಮೇಲೆ ದೂರದಿಂದ ನೋಡಿದಾಗ ಜಡೆ ಸೊಟ್ಟ ಕಾಣುತ್ತದೆ. ಆಮೇಲೆ ಅಷ್ಟನ್ನೂ ಬಿಚ್ಚಬೇಕು. ಹಾಗಾಗಿ ಕುಣಿಕೆಯನ್ನೂ ಎಣಿಸುತ್ತಿರಬೇಕು, ಸಾಲನ್ನೂ ಎಣಿಸುತ್ತಿರಬೇಕು.

ಆ ರಾತ್ರಿ ಜಗುಲಿಯಲ್ಲಿ ಅಡಿಕೆ ಸುಲಿಯುವ ಕೆಲಸ ನಡೆದಿತ್ತು. ಕೊಯ್ದ ಹಸಿ ಅಡಿಕೆಯನ್ನು ಇಟ್ಟುಕೊಂಡು ಕೂರಲು ಆಗುವುದಿಲ್ಲ, ಸುಲಿದು ಬೇಯಿಸಲೇಬೇಕು. ದೊಡ್ಡಮ್ಮ, ಆಚೆಮನೆಯ ಇಬ್ಬರು ಹೆಂಗಸರು, ತೋಟದ ಕೆಲಸಕ್ಕೆ ಬರುವವರು, ಎಲ್ಲ ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂತಿದ್ದರು. ದೊಡ್ಡಮ್ಮನಿಗೆ ಕಣ್ಣು ಆಗಲೇ ಮಂಜಾಗಿತ್ತು. ಆದರೂ ಕತ್ತಿಯ ಕಡೆ ನೋಡುತ್ತಿರಲಿಲ್ಲ. ಬುಟ್ಟಿಯಿಂದ ಕಾಯಿ ಕೈಗೆ, ಕತ್ತಿಗೆ ಒಂದು ಒತ್ತು, ತಿರುಗಿಸಿ ಇನ್ನೊಂದು ಒತ್ತು, ಸಿಪ್ಪೆ ಒಂದು ಕಡೆ, ಅಡಿಕೆ ಒಂದು ಕಡೆ. ಬೆರಳೆಲ್ಲ ಚೊಗರಿನ ಕಪ್ಪು. ಬಾಯಲ್ಲಿ ಮಾತು ನಿಲ್ಲುತ್ತಲೇ ಇರಲಿಲ್ಲ. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ತೋಟಕ್ಕೆ ಕೊಳೆರೋಗ ಬಂತು, ಯಾರು ಯಾರ ಹತ್ತಿರ ಮಾತು ಬಿಟ್ಟರು.

ನಾನು ಕಂಬಕ್ಕೆ ಒರಗಿ ಹೆಣೆಯುತ್ತಿದ್ದೆ. ಎಲ್ಲರೂ ಕೈಕೆಲಸ ಮಾಡುತ್ತಿದ್ದಾರೆ, ನಾನೂ ಮಾಡುತ್ತಿದ್ದೇನೆ, ಇದಕ್ಕಿಂತ ಚೆನ್ನಾಗಿ ಎರಡನ್ನೂ ಹೊಂದಿಸೋಕೆ ಆಗುತ್ತದಾ ಅಂತ ಖುಷಿಯಲ್ಲೇ ಇದ್ದೆ.

ಆ ಮಾತಿನ ಮಧ್ಯೆ ದೊಡ್ಡಮ್ಮ ನನ್ನನ್ನು ಕೇಳಿದ್ದಾರೆ. ಕಣ್ಣಿನ ಪೊರೆಯ ಆಪರೇಷನ್‌ಗೆ ಶಿವಮೊಗ್ಗದಲ್ಲಿ ದಿನ ಕೊಟ್ಟಿದ್ದಾರೆ, ಮುಂದಿನ ತಿಂಗಳು ಇಂಥ ದಿನ, ನೀನು ಒಂದು ವಾರ ಬಂದು ಇರ್ತೀಯಾ ಅಂತ. ನಾನು "ಹೂಂ ದೊಡ್ಡಮ್ಮ, ಬರ್ತೀನಿ" ಅಂದಿದ್ದೇನೆ. "ರಜೆ ಸಿಗುತ್ತಾ?" ಅಂದರಂತೆ. ಅದಕ್ಕೂ "ಹೂಂ" ಅಂದೆನಂತೆ. ಇದನ್ನೆಲ್ಲ ಆಮೇಲೆ ಬೇರೆಯವರು ಹೇಳಿ ನನಗೆ ಗೊತ್ತಾಗಿದ್ದು.

ಆಪರೇಷನ್ ಹಿಂದಿನ ದಿನ ದೊಡ್ಡಮ್ಮನ ಫೋನ್ ಬಂತು. "ಬಸ್ಸಿಗೆ ಬರ್ತೀಯೋ, ರೈಲಿಗೋ?" ನನಗೆ ಒಂದೂ ಅರ್ಥವಾಗಲಿಲ್ಲ. ಮಗಳಿಗೆ ಪರೀಕ್ಷೆ ನಡೆಯುತ್ತಿತ್ತು, ಮನೆಯವರು ಊರಲ್ಲಿರಲಿಲ್ಲ, ಹೊರಡುವ ದಾರಿಯೇ ಇರಲಿಲ್ಲ. ಅಷ್ಟರಲ್ಲಿ ಪುಣೆಯಲ್ಲಿರುವ ಅವರ ಮಗ ತಾನು ಬರುತ್ತೇನೆ ಅಂದಿದ್ದನ್ನು ದೊಡ್ಡಮ್ಮ ಬೇಡ ಅಂದಿದ್ದರು. ಆಚೆಮನೆಯವರಿಗೂ ಬೇಡ ಅಂದಿದ್ದರು. ಹುಡುಗಿ ಬರ್ತಾಳೆ, ಅವಳೇ ಹೇಳಿದ್ದಾಳೆ ಅಂತ. ಪೊರೆ ತೆಗೆದರೆ ಅದೇ ದಿನ ಮನೆಗೆ ಕಳಿಸುತ್ತಾರೆ, ನಿಜ. ಆದರೆ ಆಮೇಲೆ ವಾರಗಟ್ಟಲೆ ಹೊತ್ತು ಹೊತ್ತಿಗೆ ಕಣ್ಣಿಗೆ ಹನಿ ಹಾಕಬೇಕು, ನೀರು ತಾಗಿಸಬಾರದು, ಬಗ್ಗಿ ಭಾರ ಎತ್ತಬಾರದು. ಒಬ್ಬರೇ ಇರುವ ಮನೆಯಲ್ಲಿ ಮೊದಲ ವಾರ ಯಾರಾದರೂ ಬೇಕೇ ಬೇಕು. ಆಪರೇಷನ್ ಮುಂದಕ್ಕೆ ಹೋಯಿತು. ಮತ್ತೆ ದಿನ ಸಿಕ್ಕಿದ್ದು ಸುಗ್ಗಿ ಎಲ್ಲ ಮುಗಿದ ಮೇಲೆ. ಅಲ್ಲಿಯವರೆಗೆ ಅವರು ಆ ಮಂಜುಗಣ್ಣಲ್ಲೇ ಒಲೆ ಹಚ್ಚಿದರು, ಕೊಟ್ಟಿಗೆಗೆ ಹೋದರು.

ದೊಡ್ಡಮ್ಮ ಸುತ್ತಿಬಳಸಿ ಮಾತಾಡುವವರಲ್ಲ. "ಬರಕ್ಕಾಗಲ್ಲ ಅಂದಿದ್ರೆ ನಂಗೇನೂ ಬೇಜಾರಿರ್ಲಿಲ್ಲ. ಬೇರೆಯವರಿಗೆ ಹೇಳ್ತಿದ್ದೆ. ನೀ ಹೂಂ ಅಂದೆ" ಅಂದರು.

ಈ "ಹೂಂ" ಬಗ್ಗೆ ನಾನು ತುಂಬಾ ಯೋಚಿಸಿದ್ದೇನೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಕೆಲವರು ನನಗೆ, ಹೆಣಿಗೆ ತೆಗೆದುಕೊಂಡು ಹೋಗಿದ್ದೇ ತಪ್ಪು, ನೆಂಟರ ಮನೆಯಲ್ಲಿ ಸುಮ್ನೆ ಕೂತು ಮಾತಾಡಬೇಕು ಅಂದರು. ಅದಲ್ಲ. ಆ ಜಗುಲಿಯಲ್ಲಿ ಸುಮ್ನೆ ಕೂತವರು ಒಬ್ಬರೂ ಇರಲಿಲ್ಲ. ಕೈಯಲ್ಲಿ ಕತ್ತಿಯ ಕೆಲಸ ಇದ್ದವರು ಕೂಡ ಪ್ರತಿ ಮಾತನ್ನೂ ಕೇಳಿಸಿಕೊಂಡಿದ್ದರು. ನಾನು ಹೂಂ ಅಂದಿದ್ದಕ್ಕೆ ಅವರೇ ಸಾಕ್ಷಿ! ನಮ್ಮ ಹೆಂಗಸರು ಯಾವತ್ತು ಬರೀ ಕೈಯಲ್ಲಿ ಕೂತು ಹರಟಿದ್ದಾರೆ ಹೇಳಿ. ಹೂ ಕಟ್ಟುತ್ತಾರೆ, ಬತ್ತಿ ಹೊಸೆಯುತ್ತಾರೆ, ಅವರೆಕಾಳು ಬಿಡಿಸುತ್ತಾರೆ. ಇವೆಲ್ಲ ಕೈಯ ಕೆಲಸ, ತಲೆಯನ್ನು ಕೇಳುವುದಿಲ್ಲ.

ನನ್ನ ಜಡೆ ತಲೆಯನ್ನು ಕೇಳುತ್ತಿತ್ತು. ಎಣಿಸುವುದು ಅಂದರೆ ಮನಸ್ಸಿನೊಳಗೆ ಮಾತಾಡುವುದು. ಒಂದು, ಎರಡು, ಮೂರು, ಈಗ ಹಿಂದೆ ಬಿಡು. ಒಳಗೆ ಆ ಮಾತು ನಡೆಯುತ್ತಿರುವಾಗ ಹೊರಗಿನ ಮಾತು ಕಿವಿಗೆ ಬೀಳುತ್ತದೆ, ಆದರೆ ಒಳಗೆ ಜಾಗ ಸಿಗುವುದಿಲ್ಲ. ನಾನು ಗಮನ ಇಟ್ಟೇ ಕೇಳುತ್ತಿದ್ದೇನೆ ಅಂದುಕೊಂಡಿದ್ದೆ, ಯಾಕೆಂದರೆ ಸ್ವರ ಕೇಳುತ್ತಿತ್ತು. ಪ್ರಶ್ನೆ ಕೇಳಿದ ಧಾಟಿ ಗೊತ್ತಾಗುತ್ತಿತ್ತು, ಅದಕ್ಕೆ ಸರಿಯಾದ ಹೊತ್ತಿಗೆ ಹೂಂ ಬರುತ್ತಿತ್ತು. ನಿದ್ದೆ ಹೋಗಿದ್ದರೆ ಯಾರಾದರೂ ಎಬ್ಬಿಸುತ್ತಿದ್ದರು. ಹೂಂ ಅನ್ನುವವಳನ್ನು ಯಾರು ಎಬ್ಬಿಸುತ್ತಾರೆ?

ಆ ಸ್ವೆಟರ್ ತಮ್ಮನ ಹತ್ತಿರ ಇನ್ನೂ ಇದೆ. ಜಡೆಯಲ್ಲಿ ಒಂದೂ ತಪ್ಪಿಲ್ಲ.

ಹಾಗಾಗಿ ನೀವು ಕೇಳಿದ ರೀತಿಯೇ ಸರಿಯಿಲ್ಲ ಅನ್ನಿಸುತ್ತದೆ ನನಗೆ. ಇಷ್ಟು ಗಂಟೆ ಮನೆಯವರಿಗೆ, ಇಷ್ಟು ಗಂಟೆ ಹೆಣಿಗೆಗೆ ಅಂತ ಟೈಮ್‌ಟೇಬಲ್ ಹಾಕಬೇಡಿ, ಹಬ್ಬದ ಮನೆಯಲ್ಲಿ ಅದು ಒಂದು ದಿನವೂ ನಡೆಯುವುದಿಲ್ಲ. ಕೆಲಸವನ್ನೇ ಎರಡು ಮಾಡಿ. ಎಣಿಕೆ ಇರುವುದು ಮನೆಯಲ್ಲಿ ಇರಲಿ: ಜಡೆ, ಲೇಸು, ತೋಳು ಕಂಕುಳಿನಲ್ಲಿ ಕುಣಿಕೆ ಕಡಿಮೆ ಮಾಡುತ್ತ ಹೋಗುವುದು, ಬಣ್ಣ ಬದಲಿಸುವ ಡಿಸೈನು. ಎಣಿಕೆ ಇಲ್ಲದ್ದು ಮಾತ್ರ ಬ್ಯಾಗಿಗೆ. ಪರೀಕ್ಷೆ ಸುಲಭ. ಎದುರು ಕೂತವರ ಮುಖ ನೋಡುತ್ತ ಒಂದು ಸಾಲು ಮುಗಿಸೋಕೆ ಆಗುತ್ತದಾ ನೋಡಿ. ಆಗಲಿಲ್ಲ ಅಂದರೆ ಅದು ನೆಂಟರ ಮನೆಗೆ ಬರುವಂಥದ್ದಲ್ಲ.

ಹೊರಗೆ ಒಯ್ಯೋಕೆ ಎರಡು ಕಡ್ಡಿಯ ಹೆಣಿಗೆಗಿಂತ, ಒಂದೇ ಕೊಕ್ಕೆ ಕಡ್ಡಿಯಲ್ಲಿ ಹಾಕುವ ಕ್ರೋಶಾ ಎಷ್ಟೋ ಮೇಲು. ಕ್ರೋಶಾದಲ್ಲಿ ಬಿಚ್ಚಿಹೋಗುವಂಥದ್ದು ಒಂದೇ ಕುಣಿಕೆ. ಯಾರೋ ಮಗು ಕೊಟ್ಟರು, ಊಟಕ್ಕೆ ಕರೆದರು, ಆ ಕುಣಿಕೆಗೆ ಒಂದು ಸೇಫ್ಟಿ ಪಿನ್ ಹಾಕಿ ಎದ್ದರಾಯಿತು. ಹೆಣಿಗೆಯಲ್ಲಿ ಸಾಲು ಪೂರ್ತಿ ಕಡ್ಡಿಯ ಮೇಲೆ ಕೂತಿರುತ್ತದೆ, ಕಡ್ಡಿ ಜಾರಿದರೆ ಎಲ್ಲವೂ ಜಾರುತ್ತವೆ. ಹೆಣಿಗೆಯೇ ಬೇಕು ಅಂದರೆ ಎರಡು ಉದ್ದ ಕಡ್ಡಿ ಬಿಟ್ಟು, ನಡುವೆ ವಯರ್ ಇರುವ ಸರ್ಕ್ಯುಲರ್ ಕಡ್ಡಿ ತಗೊಳ್ಳಿ. ಪಕ್ಕದವರಿಗೆ ಚುಚ್ಚುವುದಿಲ್ಲ, ಬಸ್ಸಿನಲ್ಲಿ ಒಂದು ಕಡ್ಡಿ ಸೀಟಿನ ಕೆಳಗೆ ಉರುಳಿ ಹೋಗುವ ಗೋಳೂ ಇಲ್ಲ. ತುದಿಗೆ ರಬ್ಬರ್ ಬ್ಯಾಂಡ್ ನಾಲ್ಕು ಸುತ್ತು ಸುತ್ತಿದರೆ ಕುಣಿಕೆ ಜಾರದು. ಸಾಲಿನ ಮಧ್ಯೆ ನಿಲ್ಲಿಸಿ ಎದ್ದು ಹೋಗಬೇಡಿ. ವಾಪಸ್ ಬಂದಾಗ ಯಾವ ಕಡೆಗೆ ಹೋಗುತ್ತಿದ್ದೆ ಅಂತ ಗೊಂದಲವಾಗುತ್ತದೆ.

ಔಟಿಂಗ್ ಅಂದಿರಲ್ಲ, ಅದರಲ್ಲಿ ಅರ್ಧ ಕಾಯುವುದೇ. ಸಿಗಂದೂರಿಗೆ ಹೋಗುವಾಗ ಹೊಳೆಬಾಗಿಲಿನಲ್ಲಿ ಶರಾವತಿ ಹಿನ್ನೀರು ದಾಟಿಸುವ ಲಾಂಚ್‌ಗೆ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಆ ಸಾಲಿನಲ್ಲಿ ಕೂತು ಗ್ರ್ಯಾನಿ ಸ್ಕ್ವೇರ್, ಅಂದರೆ ಕ್ರೋಶಾದ ಪುಟ್ಟ ಚೌಕ, ಹಾಕಿ ಹಾಕಿ ನಾನು ಒಂದು ಹೊದಿಕೆಗೆ ಆಗುವಷ್ಟು ಚೌಕ ಮಾಡಿದ್ದೇನೆ. 2025ರ ಜುಲೈಯಲ್ಲಿ ಅಲ್ಲಿ ಸೇತುವೆಯ ಮೇಲೆ ಓಡಾಟ ಶುರುವಾಯಿತು. ಊರವರಿಗೆ ದೊಡ್ಡ ಉಪಕಾರ, ಈಗ ಗಾಡಿ ನಿಲ್ಲಿಸುವ ಪ್ರಶ್ನೆಯೇ ಇಲ್ಲ. ಶಿವಮೊಗ್ಗದ ಜನಶತಾಬ್ದಿ ರೈಲು ಇದೆಯಲ್ಲ, ಅದೂ ಕ್ರೋಶಾಕ್ಕೆ ಒಳ್ಳೆಯದು. ಘಾಟಿಯ ಬಸ್ಸಿನಲ್ಲಿ ಮಾತ್ರ ಬೇಡ, ತಲೆ ತಗ್ಗಿಸಿ ಕೂತರೆ ಎರಡು ತಿರುವಿಗೇ ವಾಂತಿ ಬರುತ್ತದೆ. ಜೋಗಕ್ಕೆ ಹೋದರೆ ಬ್ಯಾಗನ್ನು ಕಾರಿನಲ್ಲೇ ಬಿಡಿ. ಮಳೆಗಾಲದ ಆ ಮಂಜು ಒಂದು ನಿಮಿಷ ಸರಿದು ಜಲಪಾತ ಕಾಣಿಸಿದಾಗ ನಿಮ್ಮ ಕಣ್ಣು ಕೈಯ ಮೇಲೆ ಇರಬಾರದು.

ಅರಿಶಿನ ಕುಂಕುಮದ ಮನೆಗೆ ಬಿಳಿ ನೂಲು ಒಯ್ಯಬೇಡಿ. ನನ್ನ ಬಾಗಿಲ ತೋರಣಕ್ಕೆ ಹಾಕುತ್ತಿದ್ದ ಬಿಳಿ ಹತ್ತಿ ದಾರದ ಮೇಲೆ ಅರಿಶಿನದ ಬೆರಳು ಮೂಡಿತ್ತು. ಸೋಪು ಹಾಕಿದರೆ ಕಲೆ ರಕ್ತದ ಹಾಗೆ ಕೆಂಪಾಯಿತು. ಗಾಬರಿ ಬೇಡ, ಸೋಪಿನ ಕ್ಷಾರಕ್ಕೆ ಅರಿಶಿನ ಹಾಗೇ ಬಣ್ಣ ಬದಲಿಸುತ್ತದೆ. ಚೆನ್ನಾಗಿ ಜಾಲಿಸಿ ಒಳ್ಳೆ ಬಿಸಿಲಿಗೆ ಹಾಕಿದರೆ ಬಿಸಿಲೇ ಅದನ್ನು ತಿಳಿಮಾಡುತ್ತದೆ. ಹೋಳಿಗೆಯ ತುಪ್ಪದ ಕೈ ಮಾತ್ರ ತೊಳೆದುಕೊಂಡೇ ಮುಟ್ಟಿ.

ಇನ್ನೊಂದು ವಿಷಯ ನೀವು ಬರೆದಿಲ್ಲ, ಆದರೆ ನಿಮ್ಮ ಸಮಯ ಹೋಗುತ್ತಿರುವುದು ಅಲ್ಲೇ ಇರಬಹುದು. ಹೋದ ಮನೆಯಲ್ಲೆಲ್ಲ "ನಮ್ಮ ಪಾಪುಗೂ ಒಂದು ಕುಲಾವಿ ಹಾಕಿಕೊಡು" ಅನ್ನುತ್ತಾರೆ. ಹಾಕಿಕೊಡಿ, ಮಗುವಿನ ಕುಲಾವಿ ಅಂದರೆ ನನಗೂ ಇಷ್ಟ. ಆದರೆ ದಿನ ಹೇಳಬೇಡಿ. ನಾಮಕರಣಕ್ಕೆ ಕೊಡ್ತೀನಿ, ಚಳಿಗೆ ಮುಂಚೆ ಕೊಡ್ತೀನಿ ಅಂತ ಯಾವತ್ತು ಬಾಯಿಂದ ಬಂತೋ, ಅವತ್ತಿನಿಂದ ನೀವು ಯಾರ ಮನೆಯಲ್ಲಿ ಕೂತರೂ ಮನಸ್ಸು ಕಡ್ಡಿಯ ಮೇಲೆ. ಡಿಸೆಂಬರ್ ಅನ್ನುವ ಮಾತು ಇಲ್ಲದಿದ್ದರೆ ನಾನು ಆ ಜಡೆಯನ್ನು ಸಾಗರಕ್ಕೆ ಒಯ್ಯುತ್ತಲೇ ಇರಲಿಲ್ಲ. ದೊಡ್ಡವರ ಸ್ವೆಟರ್‌ಗೆ ಅರ್ಧ ಕೆಜಿ ಹತ್ತಿರ ಉಲ್ಲನ್ ಹೋಗುತ್ತದೆ. ಅಷ್ಟನ್ನೂ ಒಂದೊಂದೇ ಕುಣಿಕೆಯಾಗಿ ಮಾಡಬೇಕು, ಅವಸರಕ್ಕೆ ಆಗುವ ಕೆಲಸವೇ ಅಲ್ಲ. ತಿಂಗಳುಗಟ್ಟಲೆ ಎಳೆದರೂ ಪರವಾಗಿಲ್ಲ, ಬೇಕಾದ ಉಲ್ಲನ್ ಮಾತ್ರ ಮೊದಲೇ ಒಟ್ಟಿಗೆ ತಗೊಂಡುಬಿಡಿ. ಲೇಬಲ್ ಮೇಲೆ ಬಣ್ಣದ ನಂಬರಿನ ಪಕ್ಕ ಲಾಟ್ ನಂಬರ್, ಅಂದರೆ ಒಟ್ಟಿಗೆ ಬಣ್ಣ ಹಾಕಿದ ಕಂತಿನ ನಂಬರ್ ಇರುತ್ತದೆ, ಎಲ್ಲ ಉಂಡೆಗೂ ಒಂದೇ ಇರಲಿ. ಆಮೇಲೆ ಹುಡುಕಿಕೊಂಡು ಹೋದರೆ ಅದೇ ಬಣ್ಣದ ಬೇರೆ ಲಾಟ್ ಸಿಗುತ್ತದೆ, ಹೆಣೆದ ಮೇಲೆ ಪಟ್ಟೆ ಹೊಡೆದ ಹಾಗೆ ಕಾಣುತ್ತದೆ. ಬಿಟ್ಟು ಬಂದ ಕೆಲಸದ ಜೊತೆ ಒಂದು ಚೀಟಿ ಇಡಿ: ಎಷ್ಟನೇ ಸಾಲು, ಯಾವ ನಂಬರ್ ಕಡ್ಡಿ, ಮುಂದಿನದ್ದು ಹಿಂದೆಯೋ ಮುಂದೆಯೋ.

ಆಪರೇಷನ್‌ಗೆ ಎರಡನೇ ಸಲ ದಿನ ಸಿಕ್ಕಾಗ ದೊಡ್ಡಮ್ಮನ ಮನೆಯಲ್ಲಿ ನಾನೇ ಇದ್ದೆ, ಹನಿ ಹಾಕಿದೆ. ಒಂದು ಉಂಡೆ ದಾರ, ಒಂದು ಕೊಕ್ಕೆ ಕಡ್ಡಿ ಬಿಟ್ಟು ಬೇರೇನೂ ಒಯ್ದಿರಲಿಲ್ಲ. ಆದರೂ ಈಗಲೂ ಅವರು ನನಗೆ ಏನಾದರೂ ಮುಖ್ಯ ವಿಷಯ ಹೇಳುವ ಮೊದಲು ನನ್ನ ಕೈ ನೋಡುತ್ತಾರೆ. "ಇದು ಎಣಿಸೋದಾ?" ಅಂತ ಕೇಳುತ್ತಾರೆ. ಅಲ್ಲ ಅಂದ ಮೇಲೇ ಹೇಳುತ್ತಾರೆ.

ಈ ವಾರ ನೀವು ಎಲ್ಲಿಗಾದರೂ ಹೊರಡುವವರಿದ್ದರೆ, ಅರ್ಧ ಆಗಿರುವ ದೊಡ್ಡ ಕೆಲಸವನ್ನು ಚೀಟಿ ಸಮೇತ ಕಪಾಟಿನಲ್ಲಿಡಿ. ಗಾಢ ಬಣ್ಣದ ಹತ್ತಿ ದಾರ ಒಂದು ಉಂಡೆ, 3.5 ಮಿ.ಮೀ. ಕ್ರೋಶಾ ಕಡ್ಡಿ, ಎರಡು ಸೇಫ್ಟಿ ಪಿನ್ ಸಾಕು. ಗ್ರ್ಯಾನಿ ಸ್ಕ್ವೇರ್ ಬಾರದಿದ್ದರೆ ಮೊದಲ ನಾಲ್ಕೈದು ಚೌಕವನ್ನು ಮನೆಯಲ್ಲೇ ಹಾಕಿ ಕೈ ಪಳಗಿಸಿಕೊಳ್ಳಿ, ಆಮೇಲೆ ಹೊರಡಿ. ಎಲ್ಲಿ ಸಿಕ್ಕಿಹಾಕಿಕೊಂಡಿರಿ ಅಂತ ಕೆಳಗೆ ಬರೆದರೆ ಹೇಳಿಕೊಡುತ್ತೇನೆ.