ಡೈರಿಯ ತುಂಬ ಓರಗಿತ್ತಿಯೇ!

ಪ್ರಶ್ನೆ: ನನಗೆ 54 ವರ್ಷ. ಶಿರಸಿಯ ಹತ್ತಿರ ಅಡಿಕೆ ತೋಟದ ಮನೆ. ಮಗಳು ಬೆಂಗಳೂರಿನಲ್ಲಿದ್ದಾಳೆ. ಮನಸ್ಸು ಹಗುರವಾಗುತ್ತದೆ ಎಂದು ಯಾರೋ ಹೇಳಿದ್ದರಿಂದ ರಾತ್ರಿ ಡೈರಿ ಬರೆಯಲು ಶುರುಮಾಡಿದೆ. ಮೊನ್ನೆ ಹಳೆಯ ಪುಟಗಳನ್ನು ತಿರುವಿ ನೋಡಿದರೆ ಎಲ್ಲೆಲ್ಲೂ ಓರಗಿತ್ತಿಯ ಮೇಲಿನ ದೂರು. ಮನೆ ಹಿಸೆಯಾದಾಗ ಅವಳು ಆಡಿದ ಮಾತು. ಆಗ ನಾನು ಶಾಲೆಯ ಕೆಲಸ ಬಿಟ್ಟು ಮನೆಯಲ್ಲೇ ಇದ್ದೆ. ಅತ್ತೆ ಹಾಸಿಗೆ ಹಿಡಿದರೂ ಅವಳು ತಿರುಗಿ ನೋಡದ್ದು. ಅವಳು ಯಾವಾಗಲೂ ಹಾಗೆಯೇ. ಓದಿದ ರಾತ್ರಿ ನಿದ್ದೆಯೇ ಬರಲಿಲ್ಲ. ನಾನು ಇಷ್ಟು ಸಣ್ಣ ಮನಸ್ಸಿನವಳೇ? ಬರೆಯುವುದನ್ನು ಬಿಡಲೇ? ಮಗಳು ಓದಿಬಿಟ್ಟರೆ ಎಂಬ ಭಯವೂ ಇದೆ.
– ಹೆಸರು ಬೇಡ, ಶಿರಸಿ

ಉತ್ತರ: ಸಣ್ಣ ಮನಸ್ಸಿನವರು ತಮ್ಮ ಡೈರಿ ಓದಿ ನಿದ್ದೆಗೆಡುವುದಿಲ್ಲ, ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಾರೆ. ಆ ಚಿಂತೆ ಬಿಡಿ. ತೊಡಕಿರುವುದು ನೀವು ಬರೆಯುವ ರೀತಿಯಲ್ಲಿ. 'ಅವಳು ಯಾವಾಗಲೂ ಹಾಗೆಯೇ' ಎಂದಿದ್ದೀರಿ. ಹಾಗೆ ಎಂದರೆ ಹೇಗೆ? ಹಿಸೆಯ ದಿನ ಅವರು ಆಡಿದ ಮಾತು ಯಾವುದು? ಜಗಲಿಯಲ್ಲಿ ಎಲ್ಲರೆದುರು ಆಡಿದರೋ, ಅಡುಗೆಮನೆಯಲ್ಲಿ ನಿಮ್ಮೊಬ್ಬರಿಗೆ ಕೇಳುವಂತೆಯೋ? ನೀವೇನು ಹೇಳಿದಿರಿ? ಪತ್ರದಲ್ಲಿ ಇದೊಂದೂ ಇಲ್ಲ, ಡೈರಿಯಲ್ಲೂ ಇರಲಾರದು. ಇರುವುದು ತೀರ್ಪು ಮಾತ್ರ. ಒಂದೇ ತೀರ್ಪನ್ನು ದಿನವೂ ಬರೆದರೆ ಸಿಟ್ಟು ಇನ್ನಷ್ಟು ಗಟ್ಟಿಯಾಗುತ್ತದೆ.

ಅಮೆರಿಕದ ಸಂಶೋಧಕರಾದ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಂದ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮಗಾದ ದೊಡ್ಡ ನೋವಿನ ಬಗ್ಗೆ ಬರೆಸಿದ್ದರು. ಕೆಲವರು ಭಾವನೆಯನ್ನಷ್ಟೇ ಬರೆದರು, ಕೆಲವರು ನಡೆದದ್ದನ್ನಷ್ಟೇ, ಇನ್ನು ಕೆಲವರು ಎರಡನ್ನೂ. ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಅಲೆದಾಟ ಕಡಿಮೆಯಾದದ್ದು ಎರಡನ್ನೂ ಬರೆದವರಿಗೆ. ಬರೆದ ಕೂಡಲೇ ಮಾತ್ರ ಅವರ ಮನಸ್ಸು ಕುಗ್ಗಿತ್ತು. ಆದ್ದರಿಂದ ಒಂದು ರಾತ್ರಿ ನಿದ್ದೆ ಕೆಟ್ಟಿತೆಂದು ಗಾಬರಿಯಾಗಬೇಡಿ. ನಂತರದ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಂಡದ್ದು ಸಣ್ಣ ಪ್ರಯೋಜನ. ಡೈರಿಯೇ ಸರ್ವರೋಗಕ್ಕೂ ಮದ್ದು ಎನ್ನುವವರನ್ನು ನಂಬಬೇಡಿ.

ಈಗ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಾಲು: 'ಆಗ ನಾನು ಶಾಲೆಯ ಕೆಲಸ ಬಿಟ್ಟು ಮನೆಯಲ್ಲೇ ಇದ್ದೆ.' ಓರಗಿತ್ತಿಯ ಮೇಲಿನ ಎರಡು ದೂರುಗಳ ನಡುವೆ ಅದು ಸುಳಿದು ಹೋಗುತ್ತದೆ. ಬಿಡಿಸಿದವರು ಯಾರು? ನೀವೇ ಬಿಟ್ಟಿರಾ? ಓರಗಿತ್ತಿ ಅತ್ತೆಯನ್ನು ನೋಡಿಕೊಳ್ಳದ್ದಕ್ಕಿಂತ, ನೀವು ಕಳೆದುಕೊಂಡದ್ದನ್ನು ಆ ಮನೆಯಲ್ಲಿ ಒಬ್ಬರೂ ಲೆಕ್ಕಕ್ಕೆ ಹಿಡಿಯಲಿಲ್ಲವೆಂಬುದು ಹೆಚ್ಚು ನೋಯುತ್ತಿದೆಯೇ? ನನ್ನ ಊಹೆ ತಪ್ಪಿರಬಹುದು, ಬರೆದರೆ ನಿಮಗೇ ತಿಳಿಯುತ್ತದೆ. ಶಾಲೆಯ ಕೊನೆಯ ದಿನವನ್ನು ಬರೆಯಿರಿ. ಯಾವ ತರಗತಿ, ಹಾಜರಿ ಪುಸ್ತಕವನ್ನು ಯಾರ ಕೈಗೆ ಕೊಟ್ಟಿರಿ, ಮನೆಗೆ ಬಂದಾಗ ಅತ್ತೆ ಏನೆಂದರು, ನಿಮಗೇನನ್ನಿಸಿತು. 'ನಾನು' ಎಂದು ಬರೆಯಲು ಕೈ ತಡೆದರೆ ನಿಮ್ಮನ್ನೇ ಹೆಸರು ಹಿಡಿದು ಕರೆಯಿರಿ. ಡಿ.ವಿ.ಜಿ. ಅವರ ಕಗ್ಗದಲ್ಲಿ ಪದ್ಯದ ಕೊನೆಗೆ ಬರುವ 'ಮಂಕುತಿಮ್ಮ' ನೆನಪಿದೆಯಲ್ಲ? ಇನ್ನೊಬ್ಬರಿಗೆ ಹೇಳಿದಂತೆ ಕೇಳಿಸಿದರೆ ಕಹಿ ಮಾತೂ ಗಂಟಲಲ್ಲಿ ಇಳಿಯುತ್ತದೆ.

ಹೀಗೆ ಕೆಲವು ದಿನ ಬರೆದು ನಿಲ್ಲಿಸಿ, ದಿನವೂ ಬೇಕಿಲ್ಲ. ನಿದ್ದೆ ವಾರಗಟ್ಟಲೆ ಕೆಡುತ್ತಿದ್ದರೆ ಪೆನ್ನು ಬದಿಗಿಟ್ಟು ವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ.

ಇನ್ನು ಮಗಳ ವಿಚಾರ. ದೂರಿನ ಪುಟಗಳನ್ನು ಜೋಪಾನ ಮಾಡಬೇಕೆಂದು ಯಾರೂ ಹೇಳಿಲ್ಲ. ನಿಮ್ಮ ಮನೆಯಲ್ಲಿ ಬಚ್ಚಲೊಲೆ ಇನ್ನೂ ಉರಿಯುತ್ತಿದ್ದರೆ ಅದಕ್ಕೆ ಹಾಕಿ. ಶಾಲೆಯ ಪುಟಗಳನ್ನು ಮಾತ್ರ ತೆಗೆದಿಡಿ, ಮಗಳು ಓದಿದರೂ ಓದಲಿ. ಅಮ್ಮ ಯಾವ ಶಾಲೆಯಲ್ಲಿದ್ದಳು, ಯಾಕೆ ಬಿಟ್ಟಳು ಎಂಬುದು ಅವಳಿಗೆ ಗೊತ್ತಿದೆಯೇ?